ಆಷಾಢದಲ್ಲಿ ಬಿಚ್ಚದ ರಿಬ್ಬನ್

ನಂದಿಧ್ವಜ ಮೋಟಾರ್ಸ್‌ನ ಏಳು ನಲವತ್ತರ ಬಸ್ಸಿಗೆ ಗಾಲಿಕುರ್ಚಿಯವರಿಗಾಗಿ ರ‍್ಯಾಂಪು ಬಂದದ್ದು ಜೂನ್ ತಿಂಗಳ ಮೊದಲ ವಾರದಲ್ಲಿ. ಅದರ ರಿಬ್ಬನ್ ಕತ್ತರಿಸಿದ್ದು ಶ್ರಾವಣದಲ್ಲಿ. ನಡುವಿನ ದಿನಗಳಲ್ಲಿ ಆ ರ‍್ಯಾಂಪು ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ದಿನಕ್ಕೆರಡು ಸಲ ಹೋಗಿ ಬಂತು. ಅಷ್ಟು ಓಡಾಡಿದರೂ ಒಬ್ಬರನ್ನೂ ಹತ್ತಿಸಿಕೊಳ್ಳಲಿಲ್ಲ.

ಬಸ್ಸಿನ ಮಾಲೀಕರು ಚನ್ನಬಸವಯ್ಯನವರು. ಕೊಬ್ಬರಿ ಮಂಡಿ ಅವರ ಮೂಲ ವ್ಯಾಪಾರ, ಬಸ್ಸು ಆಮೇಲೆ ಸೇರಿಕೊಂಡದ್ದು. ಕಳೆದ ವರ್ಷ ಅವರ ತಾಯಿ ಗುರುಸಿದ್ದಮ್ಮನವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಶಿವರಾತ್ರಿಗೆ ಮಠಕ್ಕೆ ಹೋಗಲೇಬೇಕೆಂದು ಹಟ ಹಿಡಿದಾಗ ನಾಲ್ಕು ಜನ ಸೇರಿ ಅವರನ್ನು ಬಸ್ಸಿಗೆ ಎತ್ತಿ ಹಾಕಿದರು. ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡ ಮೇಲೆ ಮುದುಕಿ ಮಗನಿಗೆ ಹೇಳಿದ್ದು ಬಸ್ಸಿನವರಿಗೆಲ್ಲ ಕೇಳಿಸಿತು: "ಚೀಲ ಹೊತ್ತಂಗೆ ಹೊತ್ರು ಅಂತ ನಾನು ಹೇಳಲ್ಲ ಕಣೋ. ಚೀಲ ಆಗಿದ್ರೆ ಇನ್ನೂ ಜೋಪಾನವಾಗಿ ಹೊರ್ತಿದ್ರು."

ಮಗ ಮರುವಾರವೇ ಬಸ್ಸನ್ನು ಬಾಡಿ ಕಟ್ಟುವವರಲ್ಲಿಗೆ ಕಳಿಸಿದರು. ಹಿಂಬಾಗಿಲು ಅಗಲವಾಯಿತು. ಮೆಟ್ಟಿಲು ಮುಚ್ಚಿ ನೆಲ ಸಮವಾಯಿತು. ಎರಡು ಸೀಟು ಕಿತ್ತು ಗಾಲಿಕುರ್ಚಿಗೆ ಜಾಗ ಬಿಟ್ಟರು. ಬಾಗಿಲಿನ ಕೆಳಗೆ, ಮೇಜಿನ ಖಾನೆಯಂತೆ ಎಳೆದು ತಳ್ಳುವ ಕಬ್ಬಿಣದ ರ‍್ಯಾಂಪು ಕೂತಿತು. ಹಳದಿ ಬಣ್ಣ, ಅಂಚಿಗೆ ಕೆಂಪು ಪಟ್ಟಿ. ಇಷ್ಟು ಮಾಡಿಸಿದವರು ಅದನ್ನು ಎಳೆಯಲು ಬಿಡಲಿಲ್ಲ. ಯಾವ ಹೊಸ ವಸ್ತುವಾದರೂ ಮಠದ ಸ್ವಾಮಿಗಳಾದ ಬುದ್ಧಿಯವರ ಕೈ ತಾಗಿದ ಮೇಲೆಯೇ ಬಳಕೆಗೆ ಬರಬೇಕೆಂಬುದು ಅವರ ಮನೆಯ ಕಟ್ಟಳೆ. ಅವರ ಮನೆಗೆ ಬಂದ ಫ್ರಿಜ್ಜು ಹನ್ನೊಂದು ದಿನ ವೈರಿಲ್ಲದೆ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ನಡುಮನೆಯಲ್ಲಿ ನಿಂತಿದ್ದನ್ನು ನೋಡಿದವರಿದ್ದಾರೆ. ರ‍್ಯಾಂಪಿಗೂ ಅರಿಶಿನ ಕುಂಕುಮ ಬಿತ್ತು, ಅಡ್ಡಲಾಗಿ ಕೆಂಪು ರಿಬ್ಬನ್ ಬಿತ್ತು, ಮೇಲೊಂದು ಬೋರ್ಡು: 'ಉದ್ಘಾಟನೆ ಆಗುವವರೆಗೆ ಯಾರೂ ಕಾಲಿಡಬಾರದು.'

ಬುದ್ಧಿಯವರಿಗೆ ಜೂನಿನಲ್ಲಿ ಬಿಡುವಿರಲಿಲ್ಲ. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಉದ್ಘಾಟನೆಯೇ? ಶ್ರಾವಣದ ಮೊದಲ ಸೋಮವಾರ ಎಂದು ನಿಶ್ಚಯವಾಯಿತು.

ದ್ರಾಕ್ಷಾಯಣಿಗೆ ಕೆಲಸ ಸಿಕ್ಕಿದ್ದು ಸರಿಯಾಗಿ ಆಷಾಢದ ಮೊದಲ ಸೋಮವಾರದಿಂದ.

ಅರಸೀಕೆರೆಯ ಹುಡುಗಿ. ಹದಿನೈದನೇ ವಯಸ್ಸಿನಲ್ಲಿ ಬೆನ್ನುಹುರಿಗೆ ಸೋಂಕು ತಗುಲಿ ಎರಡೂ ಕಾಲಿನ ಸ್ವಾಧೀನ ಹೋಗಿತ್ತು. ಆಮೇಲೆ ಓದಿದ್ದೆಲ್ಲ ಗಾಲಿಕುರ್ಚಿಯಲ್ಲೇ. ಗಣಿತದಲ್ಲಿ ಎಂಎಸ್ಸಿ, ಮೇಲೊಂದು ಬಿಎಡ್. ಹಳೇಬೀಡಿನ ಒಂದು ಖಾಸಗಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಸರ್ಕಾರಿ ನೌಕರಿ ಸಿಕ್ಕಿತೆಂದು ನಡುವೆಯೇ ಬಿಟ್ಟುಹೋದರು. ಶಾಲೆಯ ಕಾರ್ಯದರ್ಶಿ ನಂಜುಂಡಯ್ಯನವರು ಇವಳನ್ನು ಒಂದು ತಿಂಗಳ ಪರೀಕ್ಷೆಯ ಮೇಲೆ ಕರೆದರು. ಮೂರು ವರ್ಷದಲ್ಲಿ ಇವಳು ಹಾಕಿದ ನಲವತ್ತಕ್ಕೂ ಮೇಲ್ಪಟ್ಟ ಅರ್ಜಿಗಳಲ್ಲಿ ಉತ್ತರ ಬಂದದ್ದು ಇದೊಂದಕ್ಕೆ. ನಿಬಂಧನೆಯೂ ಒಂದೇ: ಒಂಬತ್ತೂವರೆಯ ಪ್ರಾರ್ಥನೆ ಬೆಲ್ಲಿಗೆ ಶಾಲೆಯಲ್ಲಿರಬೇಕು, ದಿನಾ.

ಆ ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ನಾವು ದಿನದ ಪ್ರಯಾಣಿಕರು ಅವಳನ್ನು ನೋಡಿದೆವು. ನೋಡಿದ ಮೇಲೆ ಸುಮ್ಮನಿರುವುದು ನಮ್ಮ ಜಾಯಮಾನವಲ್ಲ. ಆರು ಜನ ನುಗ್ಗಿದೆವು.

"ಏಯ್, ಕಾಲ್ ಹಿಡ್ಕಳ್ಳೋ!"

"ಆ ಕಡೆಯಿಂದ ಬಾರ್ಲಾ, ಎಲ್ರೂ ಒಂದೇ ಕಡೆ ಹಿಡುದ್ರೆ ವಾಲಲ್ವಾ?"

"ಅಮ್ಮಾ, ಹೆದರ್ಕೋಬೇಡಿ, ನಾವೆಲ್ಲ ಇದೀವಿ."

"ಅದಕ್ಕೇ ಹೆದರಿಕೆ," ಎಂದಳು ದ್ರಾಕ್ಷಾಯಣಿ. "ಬೀಡಿ ಹಿಡ್ಕೊಂಡಿರೋರು ದಯವಿಟ್ಟು ಬಿಡಿ. ನನ್ನನ್ನಲ್ಲ, ಬೀಡೀನ."

ರಿಬ್ಬನ್ನಿಗೆ ಅವಳ ಕಾಲು ತಾಗದಂತೆ ಬಹಳ ಭಕ್ತಿಯಿಂದ ಎತ್ತಿ ಒಳಗಿಟ್ಟೆವು. ಗಾಲಿಕುರ್ಚಿಗೆಂದು ಬಿಟ್ಟ ಜಾಗದಲ್ಲಿ ಆಗಲೇ ಕಣಕಟ್ಟೆಯವರೊಬ್ಬರ ಎಳನೀರಿನ ಗೊನೆಗಳು ಕೂತಿದ್ದವು. ಹಾಗಾಗಿ ಅವಳು ಸೀಟಿಗೆ, ಕುರ್ಚಿ ಟಾಪಿಗೆ. ಹಳೇಬೀಡಿನಲ್ಲಿ ಅದೇ ಭಕ್ತಿಯಿಂದ ಅವಳನ್ನು ಇಳಿಸಿ, ಸ್ಟಾಪಿನ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆವು. ಕಂಡಕ್ಟರ್ ಸುನಿಲ್ "ರೈಟ್ ರೈಟ್" ಅಂದ. ಬಸ್ಸು ಬೇಲೂರಿನ ಕಡೆ ಹೊರಟಿತು. ಟಾಪಿನ ಮೇಲಿದ್ದ ಕುರ್ಚಿಯೂ ಹೊರಟಿತು.

ಇದು ಸುನಿಲ್‌ನ ತಲೆಗೆ ಹೊಳೆದದ್ದು ಹಗರೆ ದಾಟಿದ ಮೇಲೆ. ಬಸ್ಸು ತಿರುಗಿ ಬಂದದ್ದು ಹನ್ನೊಂದೂವರೆಗೆ. ಅಲ್ಲಿಯವರೆಗೆ ದ್ರಾಕ್ಷಾಯಣಿ ಬೆಂಚಿನ ಮೇಲೆ ಕೂತು, ದೇವಸ್ಥಾನಕ್ಕೆ ದಾರಿ ಕೇಳಿದ ಮೂರು ಗುಂಪು ಪ್ರವಾಸಿಗರಿಗೆ ದಾರಿ ತೋರಿಸಿದಳು. ತಾನು ಹೋಗಬೇಕಾದ ಶಾಲೆ ಅಲ್ಲಿಂದ ಕಾಣುತ್ತಿತ್ತು. ಪ್ರಾರ್ಥನೆಯ ಬೆಲ್ಲೂ ಕೇಳಿಸಿತ್ತು.

ನಂಜುಂಡಯ್ಯನವರು ಕೆಟ್ಟವರಲ್ಲ, ಗಡಿಯಾರದವರು. "ನೋಡಿ ಮೇಡಂ, ಹತ್ತನೇ ಕ್ಲಾಸಿದೆ. ಮಕ್ಕಳಿಗೆ ಮೊದಲನೇ ಪೀರಿಯಡ್ಡೇ ಲೆಕ್ಕ. ಕುರ್ಚಿ ಬೇಲೂರಿಗೆ ಹೋಗಿತ್ತು ಅಂತ ಹಾಜರಿ ಪುಸ್ತಕದಲ್ಲಿ ನಾನು ಹೆಂಗೆ ಬರೀಲಿ? ಇನ್ನೊಂದು ದಿನ ಹೀಗಾದರೆ ಬೇರೆಯವರನ್ನ ಕರೀಬೇಕಾಗುತ್ತೆ. ಬೇಲೂರಿನವರೊಬ್ಬರು ದಿನಾ ಫೋನ್ ಮಾಡ್ತಾನೇ ಇದಾರೆ."

ಸಂಜೆ ಬಸ್ಸು ಅರಸೀಕೆರೆಗೆ ಬಂದಾಗ ದ್ರಾಕ್ಷಾಯಣಿ ಸ್ಟ್ಯಾಂಡಿನಲ್ಲಿ ಇಳಿಯಲಿಲ್ಲ. ಬಸ್ಸು ತಂಗುವುದು ಮಾಲೀಕರ ಕೊಬ್ಬರಿ ಗೋಡೌನಿನ ಅಂಗಳದಲ್ಲಿ. ಅಲ್ಲಿಯವರೆಗೂ ಕೂತು ಬಂದಳು. ಚನ್ನಬಸವಯ್ಯನವರು ಅಂಗಳದಲ್ಲಿ ಲಾರಿ ತುಂಬಿಸುತ್ತ ನಿಂತಿದ್ದರು. ಪಕ್ಕದ ಕುರ್ಚಿಯಲ್ಲಿ ಗುರುಸಿದ್ದಮ್ಮ, ಎದುರಿಗೆ ಅವರ ವಾಕರು.

"ಯಜಮಾನ್ರೇ, ನಾಳೆಯಿಂದ ಆ ರ‍್ಯಾಂಪು ಬಿಚ್ಚಿಸಿಕೊಡಬೇಕು."

"ಆಷಾಢದಲ್ಲಾ ತಾಯಿ?" ಚನ್ನಬಸವಯ್ಯ ನಿಜವಾಗಿ ಗಾಬರಿಯಾದರು.

"ಶಾಲೆಗೆ ಆಷಾಢ ಇಲ್ಲವಲ್ಲ."

"ಬುದ್ಧಿಯೋರು ಶ್ರಾವಣದಲ್ಲಿ ಬತ್ತೀನಿ ಅಂತ ಮಾತು ಕೊಟ್ಟವ್ರೆ. ಅವರಿಗೆ ಅಂತ ಎತ್ತಿಟ್ಟಿದ್ದನ್ನ ನಾನು ಮೊದಲೇ ಬಳಸ್ಬಿಟ್ರೆ ಅವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ಬೋರ್ಡು ಬೇರೆ ಬರೆಸಿದೀನಿ, ಯಾರೂ ಕಾಲಿಡಬಾರದು ಅಂತ."

"ನಾನು ಕಾಲಿಡೋದಿಲ್ಲ ಯಜಮಾನ್ರೇ. ಹದಿಮೂರು ವರ್ಷದಿಂದ ಎಲ್ಲೂ ಇಟ್ಟಿಲ್ಲ."

ನಗಬಹುದೋ ಬಾರದೋ ತಿಳಿಯದೆ ಚನ್ನಬಸವಯ್ಯ ತಾಯಿಯ ಮುಖ ನೋಡಿದರು. ಗುರುಸಿದ್ದಮ್ಮ ಧಾರಾಳವಾಗಿ ನಕ್ಕರು. ಆದರೆ ನಗು ಮುಗಿದ ಮೇಲೆ ಅವರೂ ತಲೆಯಾಡಿಸಿದರು. "ಗುರುವಿಗೆ ಆಡಿದ ಮಾತು ಮಗಾ. ಅದನ್ನ ಮುರಿ ಅಂತ ನನ್ನ ಬಾಯಲ್ಲಿ ಹೆಂಗೆ ಹೇಳ್ಲಿ?"

ದ್ರಾಕ್ಷಾಯಣಿ ಮನೆಗೆ ಹೊರಡುವ ಬದಲು ಅಲ್ಲೇ ಕೂತು ಲಾರಿ ತುಂಬುವುದನ್ನು ನೋಡತೊಡಗಿದಳು. ಗೋಡೌನಿನ ಮುಂದೆ ಸೊಂಟದೆತ್ತರದ ಕಲ್ಲಿನ ಕಟ್ಟೆ. ಲಾರಿಯ ಹಿಂಭಾಗ ಆ ಕಟ್ಟೆಗೆ ಒತ್ತಿ ನಿಂತಿತ್ತು. ಹಮಾಲಿ ದ್ಯಾವಯ್ಯ ಕೊಬ್ಬರಿ ಚೀಲಗಳನ್ನು ಕೈಗಾಡಿಯಲ್ಲಿ ಹೇರಿ, ಕಟ್ಟೆಯ ತುದಿಯ ಉದ್ದನೆಯ ಇಳಿಜಾರಿನಲ್ಲಿ ತಳ್ಳಿಕೊಂಡು ಮೇಲೆ ಬಂದು, ನಡುವೆ ಹಾಸಿದ ಹಲಗೆಯ ಮೇಲೆ ಹಾದು, ಸೀದಾ ಲಾರಿಯೊಳಕ್ಕೆ ಹೋಗುತ್ತಿದ್ದ. ಬಾಯಲ್ಲಿ ಎಲೆಅಡಿಕೆ, ಮುಖದಲ್ಲಿ ಆಯಾಸವಿಲ್ಲ.

"ಭಾರ ಆಗಲ್ವಾ ದ್ಯಾವಯ್ಯ?"

"ಎತ್ತುದ್ರೆ ತಾನೇ ಭಾರ? ಚೀಲ ನಾವ್ ಎತ್ತಲ್ಲ ಕಣವ್ವ. ಲಾರೀನೇ ಚೀಲದ ತಾವ ಕರುಸ್ಕತೀವಿ."

ಅವಳು ಲಾರಿಯಿಂದ ಕಣ್ಣು ತೆಗೆದು ಬಸ್ಸಿನ ಹಿಂಬಾಗಿಲನ್ನು ನೋಡಿದಳು. ಆಮೇಲೆ, "ಸುನಿಲ್, ಟೇಪ್ ಇದೆಯಾ?" ಎಂದು ಕೂಗಿದಳು.

ಬೆಳಗಿನಿಂದ ಅವಳ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ ಸುನಿಲ್ ಟೇಪು ತಂದ. ಕಟ್ಟೆಯ ಎತ್ತರ ಮೂರಡಿ ಒಂದಂಗುಲ. ಬಸ್ಸಿನ ನೆಲ ಮೂರಡಿ. ಇಳಿಜಾರಿನ ಉದ್ದ ನಲವತ್ತಡಿ.

"ಒಂದಡಿ ಏರೋದಕ್ಕೆ ಹದಿಮೂರಡಿ ಹಾದಿ," ಎಂದಳು ದ್ರಾಕ್ಷಾಯಣಿ. "ಪುಸ್ತಕದಲ್ಲಿ ಹನ್ನೆರಡು ಇದ್ರೆ ಸಾಕು ಅಂತ ಇದೆ. ಯಾರು ಲೆಕ್ಕ ಹಾಕಿದ್ದು ಇದನ್ನ?"

"ಲೆಕ್ಕ ಯಾರಿಗ್ ಗೊತ್ತೈತೆ," ಎಂದ ದ್ಯಾವಯ್ಯ. "ನಮ್ಮಪ್ಪನ ಕಾಲ್ದಾಗೆ ಗಿಡ್ಡ ಇತ್ತಂತೆ. ಗಾಡಿ ವಾಪಸ್ ಎದೆ ಮ್ಯಾಕ್ ಬರೋದಂತೆ. ಬರ್ದೇ ಇರೋಗಂಟ ಉದ್ದ ಮಾಡ್ತಾ ಹೋದ್ರು. ನಿಂತ್ಕಂಡಿದ್ದು ಇಲ್ಲಿಗೆ."

ಮುಂದಿನದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಚನ್ನಬಸವಯ್ಯನವರ ಮುಖ ಮತ್ತೆ ಬಿಗಿಯಿತು. "ಅಲ್ಲಾ ತಾಯಿ, ಹೊಸ ಬಾಗಿಲಲ್ಲೇ ತಾನೇ ಹೋಗೋದು? ಅದೂ ಉದ್ಘಾಟನೆ ಆಗ್ಬೇಕಲ್ವಾ?"

ಗುರುಸಿದ್ದಮ್ಮ ವಾಕರನ್ನು ಒಮ್ಮೆ ನೆಲಕ್ಕೆ ಕುಟ್ಟಿದರು. "ರಿಬ್ಬನ್ ಎಲ್ಲಿ ಕಟ್ಟಿದೀಯ?"

"ರ‍್ಯಾಂಪಿಗೆ."

"ಬಾಗ್ಲಿಗೆ ಕಟ್ಟಿದೀಯಾ?"

"ಇಲ್ಲ."

"ತಿಂಗಳಿಂದ ಆ ಬಾಗ್ಲಲ್ಲಿ ಎಳನೀರು ಹತ್ತುತ್ತೆ, ಇಳಿಯುತ್ತೆ. ಅದಕ್ಕೆ ಯಾವ ಬುದ್ಧಿ ಬಂದು ಪೂಜೆ ಮಾಡಿದ್ರು? ಸುಮ್ನೆ ಹಲಗೆ ಹಾಕ್ಸೋ."

ಈ ನ್ಯಾಯದ ಮೇಲೆ ಅಪೀಲು ಇರಲಿಲ್ಲ. ಉಳಿದದ್ದು ಹಳೇಬೀಡಿನ ಕೊನೆ. ಅದಕ್ಕೆ ದಾರಿ ಹೇಳಿದವನು ಸುನಿಲ್: "ಮೇಡಂ, ನಿಮ್ ಸ್ಕೂಲ್ ಪಕ್ಕದಲ್ಲೇ ಹಾಲಿನ ಡೈರಿ ಇದೆಯಲ್ಲ, ಅಲ್ಲೂ ಇಂಥದೇ ಕಟ್ಟೆ ಇದೆ. ಕ್ಯಾನ್ ಲಾರಿಗೆ ಅಂತ ಮಾಡಿರೋದು. ಲಾರಿ ಎಂಟೂಮುಕ್ಕಾಲಿಗೆಲ್ಲ ಹೋಗಿಬಿಡುತ್ತೆ. ನಾವು ಬರೋದು ಒಂಬತ್ತಕ್ಕೆ."

ಚೀಲಕ್ಕೆ ಅರಸೀಕೆರೆಯಲ್ಲಿ ಕಟ್ಟೆಯಿತ್ತು. ಕ್ಯಾನಿಗೆ ಹಳೇಬೀಡಿನಲ್ಲಿ ಕಟ್ಟೆಯಿತ್ತು. ನಮಗೆ ಮಾತ್ರ ಎರಡೂ ಕಡೆ ಮೆಟ್ಟಿಲು. ಇಷ್ಟು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದ ನಮಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನಮ್ಮಲ್ಲಿ ಹಲವರು ಸ್ಟ್ಯಾಂಡಿಗೆ ಹೋಗದೆ ಗೋಡೌನಿಗೇ ಬಂದಿದ್ದೆವು. ಅಲ್ಲಿ ಹತ್ತಿದರೆ ಸೀಟು ಸಿಗುತ್ತದೆ ಎಂಬುದೂ ಒಂದು ಕಾರಣ. ಡ್ರೈವರ್ ದೇವರಾಜ್ ಬಸ್ಸನ್ನು ಕಟ್ಟೆಗೆ ಸರಿಯಾಗಿ ಪಕ್ಕಕ್ಕೆ ತರಬೇಕಿತ್ತು. ಮೂವತ್ತು ವರ್ಷ ಓಡಿಸಿದ ಕೈ. ಮೊದಲ ಸಲ ಒಂದು ಮಾರು ದೂರ ನಿಂತಿತು.

"ಏನ್ಲಾ ದೇವರಾಜ, ಕಟ್ಟೆ ಏನ್ ಹೆಣ್ಣು ನೋಡಕ್ ಬಂದೈತಾ, ದೂರ ನಿಂತ್ಕಂಡ್ ನಾಚ್ಕತಿದೀಯ?" ಎಂದ ದ್ಯಾವಯ್ಯ.

"ಬಣ್ಣ ಉಜ್ಜುದ್ರೆ ಯಜಮಾನ್ರು ನನ್ ಚರ್ಮ ಉಜ್ತಾರೆ ಕಣಯ್ಯ, ಸುಮ್ನಿರು!"

ಮೂರನೇ ಸಲಕ್ಕೆ ನಾಲ್ಕು ಬೆರಳಿನ ಸಂದು ಉಳಿಯಿತು. ದ್ಯಾವಯ್ಯ ಹಲಗೆ ಹಾಸಿ, ಅದರ ಮೇಲೆ ತಾನೊಮ್ಮೆ ಹಾರಿ ನೋಡಿ, ಪಕ್ಕಕ್ಕೆ ಸರಿದ. ದ್ರಾಕ್ಷಾಯಣಿ ಇಳಿಜಾರಿನಲ್ಲಿ ತಾನೇ ಗಾಲಿ ತಿರುಗಿಸಿಕೊಂಡು ಮೇಲೆ ಬಂದಳು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಹಲಗೆಯ ಮೇಲೆ ಟಕ್ ಎಂದು ಒಂದು ಸದ್ದು. ಒಳಗಿದ್ದಳು. ಕುರ್ಚಿ ತಿರುಗಿಸಿ, ಬ್ರೇಕು ಹಾಕಿ, ಕಿಟಕಿಯ ಕಡೆ ನೋಡಿದಳು.

ನಮ್ಮ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ನಮಗೆ ತಿಳಿಯಲಿಲ್ಲ.

ಎಲ್ಲ ಸರಿಯಾಗಿಯೇ ಹೋಯಿತು, ಹಳೇಬೀಡಿನವರೆಗೆ. ಅಲ್ಲಿ ಡೈರಿಯ ಕಟ್ಟೆಗೆ ಹಾಲಿನ ಲಾರಿ ಇನ್ನೂ ಒತ್ತಿಕೊಂಡೇ ನಿಂತಿತ್ತು. ಮಾದಿಹಳ್ಳಿಯ ಹತ್ತಿರ ಪಂಕ್ಚರ್ ಆಗಿ ತಡವಾಗಿತ್ತಂತೆ. ಕಟ್ಟೆಯ ಮೇಲೆ ಐವತ್ತಕ್ಕೂ ಹೆಚ್ಚು ಕ್ಯಾನು, ತುಂಬುವವರು ಇಬ್ಬರೇ. ಗಂಟೆ ಒಂಬತ್ತು ಹತ್ತು.

ಸುನಿಲ್ ಇಳಿದು ಹೋಗಿ ಕೇಳಿದ. "ಅಣ್ಣಾ, ಐದು ನಿಮಿಷ ಲಾರಿ ಮುಂದಕ್ಕೆ ಹಾಕಿ."

"ಹಾಲು ನಿನ್ನ ಬಸ್ಸಿನಂಗೆ ಕಾಯಲ್ಲ ಕಣಪ್ಪ, ಒಡೆದುಹೋಗ್ತದೆ. ಅರ್ಧ ಗಂಟೆ ತಡ್ಕೋ."

ಅರ್ಧ ಗಂಟೆ ಎಂದರೆ ಒಂಬತ್ತು ನಲವತ್ತು. ಶಾಲೆಯ ಗೇಟಿನಲ್ಲಿ ನಂಜುಂಡಯ್ಯನವರು ಎಂದಿನಂತೆ ಕೈಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ಬಸ್ಸಿನಿಂದಲೇ ಕಾಣುತ್ತಿದ್ದರು.

ಬಸ್ಸಿನಲ್ಲಿ ಕೂಡಲೇ ಗದ್ದಲ ಎದ್ದಿತು. ನಾವು ಎದ್ದೆವು. "ಇಳೀರೋ, ಇಳೀರಿ, ಎತ್ತಿ ಇಳಿಸ್ಬಿಡೋಣ!" "ಕುರ್ಚಿ ಸಮೇತ ಎತ್ತೋಣ ಕಣ್ರೀ, ಈ ಸಲ ಟಾಪಿಗೆ ಬೇಡ!" ಐದಾರು ಕೈಗಳು ಆಗಲೇ ಮುಂದೆ ಚಾಚಿದ್ದವು.

"ನಿಲ್ಲಿ," ಎಂದಳು ದ್ರಾಕ್ಷಾಯಣಿ. ಧ್ವನಿ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿಗೆ ಕೇಳುವಷ್ಟಿತ್ತು. "ನಿಮಗೆ ಏನಾದ್ರೂ ಎತ್ತಲೇಬೇಕು ಅಂತಿದ್ರೆ ಅಲ್ಲಿ ಕ್ಯಾನ್ ಇವೆ. ಹೋಗಿ ಎತ್ತಿ."

ಮೊದಲು ನಕ್ಕವನು ದೇವರಾಜ್. ಆಮೇಲೆ ಹದಿನಾಲ್ಕು ಜನ ಇಳಿದೆವು. ಅದರಲ್ಲಿ ಒಬ್ಬರು ಬ್ಯಾಂಕಿನ ಮ್ಯಾನೇಜರು, ಇಬ್ಬರು ಬೇಲೂರಿನ ಕೋರ್ಟಿಗೆ ಹೊರಟಿದ್ದವರು, ಅದೂ ಪರಸ್ಪರ ಎದುರು ಪಾರ್ಟಿಗಳು. ಆ ಇಬ್ಬರೂ ಒಂದೇ ಕ್ಯಾನಿನ ಎರಡು ಹಿಡಿ ಹಿಡಿದುಕೊಂಡು ಓಡಿದರು. ಲಾರಿಯವನು, "ಮೆಲ್ಲಗ್ರೀ, ಚೆಲ್ತದೆ!" ಎಂದು ಕೂಗುತ್ತಲೇ ಇದ್ದ. ಒಂಬತ್ತು ಇಪ್ಪತ್ತೆರಡಕ್ಕೆ ಲಾರಿ ಹೊರಟಿತು. ದೇವರಾಜ್ ಈ ಸಲ ಒಂದೇ ಏಟಿಗೆ ಬಸ್ಸನ್ನು ಕಟ್ಟೆಗೆ ತಂದ. ಬಣ್ಣ ಸ್ವಲ್ಪ ಉಜ್ಜಿತು. ಯಾರೂ ಅದರ ಮಾತೆತ್ತಲಿಲ್ಲ. ಡೈರಿಯವರ ಹಲಗೆ ಬಿತ್ತು. ಟಕ್ ಎಂಬ ಅದೇ ಸದ್ದು. ಕ್ಯಾನಿನ ಟ್ರಾಲಿ ಇಳಿಯುವ ಇಳಿಜಾರಿನಲ್ಲಿ ಅವಳು ಕೈಯಿಂದ ಗಾಲಿ ತಡೆಯುತ್ತ ಇಳಿದು, ಮಣ್ಣಿನ ರಸ್ತೆಯಲ್ಲಿ ಗೇಟಿನ ಕಡೆ ಹೊರಟಳು.

ಬೇಲೂರಿಗೆ ಹೋಗುವ ಬಸ್ಸು ಹೊರಡಬೇಕಿತ್ತು. ಹೊರಡಲಿಲ್ಲ. ಎಲ್ಲರೂ ಎಡಗಡೆಯ ಕಿಟಕಿಗಳಲ್ಲಿದ್ದೆವು. ಬೆಲ್ಲು ಹೊಡೆದಾಗ ಗಾಲಿಕುರ್ಚಿ ಗೇಟಿನ ಒಳಗಿತ್ತು. ನಂಜುಂಡಯ್ಯನವರು ಗಡಿಯಾರ ನೋಡಿದರು, ಅವಳನ್ನು ನೋಡಿದರು, ಗಡಿಯಾರದ ಕೈ ಕೆಳಗಿಳಿಸಿದರು. ಅಷ್ಟೇ. ಬಸ್ಸಿನಲ್ಲಿ ಯಾರೋ ಜೋರಾಗಿ ಉಸಿರುಬಿಟ್ಟರು. ಬಹುಶಃ ಎಲ್ಲರೂ.

ಆಷಾಢ ಹೀಗೆಯೇ ಕಳೆಯಿತು. ಎಳನೀರಿನವರು ಗೊನೆಗಳನ್ನು ಟಾಪಿಗೆ ಸಾಗಿಸಿದರು. ರಿಬ್ಬನ್ ಕಟ್ಟಿದ ರ‍್ಯಾಂಪು ಬಾಗಿಲಿನ ಕೆಳಗೆ ಕೂತು, ತನ್ನ ತಲೆಯ ಮೇಲೆ ದಿನಾ ನಾಲ್ಕು ಸಲ ಹಾಸುವ ಮರದ ಹಲಗೆಯ ಸದ್ದು ಕೇಳಿಸಿಕೊಂಡಿತು. ಹಾಲಿನ ಲಾರಿ ಮತ್ತೆ ತಡಮಾಡಲಿಲ್ಲ. ತಿಂಗಳು ತುಂಬಿದ ದಿನ ನಂಜುಂಡಯ್ಯನವರು ನೇಮಕದ ಪತ್ರ ಕೊಟ್ಟರು. ಅದನ್ನು ದ್ರಾಕ್ಷಾಯಣಿ ಬಸ್ಸಿನಲ್ಲಿ ಎರಡು ಸಲ ಓದಿ ಮಡಿಸಿಟ್ಟುಕೊಂಡಳು. ಉಳಿದ ಪ್ರಯಾಣಿಕರು ಮೂರು ಸಲ ಓದಿದರು.

ಶ್ರಾವಣದ ಮೊದಲ ಸೋಮವಾರ ಬುದ್ಧಿಯವರು ಬಂದರು. ಗೋಡೌನಿನ ಅಂಗಳದಲ್ಲಿ ತಳಿರು ತೋರಣ, ಮೈಕು, ಮಂಡಕ್ಕಿ ಪ್ರಸಾದ. ರಿಬ್ಬನ್ ಕತ್ತರಿಸಿದರು. ಸುನಿಲ್ ರ‍್ಯಾಂಪನ್ನು ಎಳೆದ. ಅದು ಕಿರ್ರೆಂದು ಹೊರಬಂದು ನೆಲ ಮುಟ್ಟಿತು. ಚಪ್ಪಾಳೆ ಶುರುವಾಗಿ ನಡುವೆಯೇ ನಿಂತಿತು.

ಮೂರಡಿ ಎತ್ತರ, ಆರಡಿ ಉದ್ದ. ಮಕ್ಕಳ ಜಾರುಬಂಡೆ ಇದಕ್ಕಿಂತ ಮೆತ್ತಗಿರುತ್ತದೆ. ಬಾಡಿ ಕಟ್ಟುವವರಲ್ಲಿಂದ ಬಂದ ದಿನದಿಂದ ಅದನ್ನು ಒಬ್ಬರೂ ಎಳೆದು ನೋಡಿರಲಿಲ್ಲ. ನೋಡಬಾರದೆಂದೇ ಬೋರ್ಡಿತ್ತಲ್ಲ.

"ಇದ್ರ ಮ್ಯಾಲೆ ಖಾಲಿ ಚೀಲಾನೂ ಹತ್ತಲ್ಲ," ಎಂದ ದ್ಯಾವಯ್ಯ. ಮೈಕು ಹತ್ತಿರದಲ್ಲೇ ಇತ್ತು.

ಬುದ್ಧಿಯವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಚನ್ನಬಸವಯ್ಯ, ನೀನೇ ಒಂದ್ಸಲ ಹತ್ತಿ ತೋರ್ಸಪ್ಪ."

ಚನ್ನಬಸವಯ್ಯ ಹೊಸ ಪಂಚೆ ಎತ್ತಿಕಟ್ಟಿ ಎರಡು ಹೆಜ್ಜೆ ಹತ್ತಿದರು, ಒಂದು ಹೆಜ್ಜೆ ಜಾರಿದರು, ಬಾಗಿಲಿನ ಕಂಬಿ ಅಪ್ಪಿಕೊಂಡು ನಿಂತರು.

"ಮತ್ತೆ ಈ ಮೇಷ್ಟ್ರಮ್ಮ ಒಂದು ತಿಂಗಳು ಹೆಂಗೆ ಹೋಗಿಬಂದ್ರು?" ಎಂದು ಕೇಳಿದರು ಬುದ್ಧಿಯವರು.

ಎಲ್ಲರ ಬೆರಳೂ ಕಟ್ಟೆಯ ಕಡೆ ತಿರುಗಿದವು. ಕಂಬಿ ಬಿಡದೆಯೇ ಚನ್ನಬಸವಯ್ಯ ಬೆವರಿದರು. "ರ‍್ಯಾಂಪು ಮುಟ್ಟಿಲ್ಲ ಬುದ್ಧಿ. ತಮಗೆ ಅಂತ ಹಂಗೇ ಇಟ್ಟಿದ್ದೆ."

"ಮುಟ್ಟದೇ ಇದ್ದಿದ್ದೇ ಪುಣ್ಯ," ಎಂದರು ಬುದ್ಧಿಯವರು. "ಮೊದಲನೇ ದಿನವೇ ಮುಟ್ಟಿದ್ರೆ ಆ ಮಗು ಹಿಂದಕ್ಕೆ ಬಿದ್ದು ತಲೆ ಒಡ್ಕೋತಿತ್ತು."

ದ್ರಾಕ್ಷಾಯಣಿ ಬಣ್ಣ ಮಾಸದ ಆ ಹಳದಿ ಕಬ್ಬಿಣವನ್ನೇ ನೋಡುತ್ತಿದ್ದಳು. ಆ ಸೋಮವಾರ ಸಂಜೆ ಇದನ್ನು ಬಿಚ್ಚಿಸಿಕೊಡಿ ಎಂದು ಬೇಡಿದವಳು ಅವಳೇ. ಕೊಟ್ಟಿದ್ದರೆ ಮಂಗಳವಾರ ಬೆಳಿಗ್ಗೆ ಎಲ್ಲಿರುತ್ತಿದ್ದಳೋ! "ಆಷಾಢಕ್ಕೆ ಒಂದು ನಮಸ್ಕಾರ," ಎಂದಳು ನಿಜವಾಗಿಯೂ ಕೈ ಮುಗಿದು. ಗುರುಸಿದ್ದಮ್ಮ ನಕ್ಕ ನಗೆಗೆ ಮೈಕು ಕಿರುಚಿತು. ಅಂದು ಬುದ್ಧಿಯವರು ತಮ್ಮ ಮಂಡಿನೋವನ್ನೂ, ಗುರುಸಿದ್ದಮ್ಮ ತಮ್ಮ ವಾಕರನ್ನೂ ತೆಗೆದುಕೊಂಡು ಕಟ್ಟೆಯ ಮೇಲಿಂದಲೇ ಬಸ್ಸು ಹತ್ತಿದರು. ಒಬ್ಬರೂ ಒಬ್ಬರನ್ನೂ ಎತ್ತಲಿಲ್ಲ. ರ‍್ಯಾಂಪು ಮರುದಿನ ಉದ್ದವಾಗಲು ವಾಪಸು ಹೋಯಿತು. ಈ ಸಲ ಜೊತೆಗೆ ದ್ಯಾವಯ್ಯನನ್ನೂ ಕಳಿಸಿದರು, ನೋಡಿಕೊಂಡು ಬಾ ಎಂದು.

ಸೆಪ್ಟೆಂಬರಿನ ಒಂದು ಗುರುವಾರ ದ್ರಾಕ್ಷಾಯಣಿ ಗೋಡೌನಿಗೆ ಬಂದಾಗ ಏಳು ನಲವತ್ತೈದು. ಅಂಗಳ ಖಾಲಿಯಿತ್ತು. ದ್ಯಾವಯ್ಯ ಹಲಗೆಯನ್ನು ಗೋಡೆಗೆ ಒರಗಿಸುತ್ತಿದ್ದ.

"ಹೋಯ್ತಾ?"

"ಹೋಯ್ತಲ್ಲ. ಏಳು ನಲವತ್ತು ಅಂದ್ರೆ ಏಳು ನಲವತ್ತು. ಬುದ್ಧಿಯೋರಿಗೇ ನಿಲ್ಸಲ್ಲ ಅಂದ ಸುನೀಲ."

ಅವಳು ಹಿಂದಿನ ರಾತ್ರಿ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕೂತು ಬೆಳಿಗ್ಗೆ ನಿದ್ದೆ ಹೋಗಿದ್ದಳು. ನಂಜುಂಡಯ್ಯನವರಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಎದ್ದಿದ್ದು ತಡ, ಬಸ್ಸು ತಪ್ಪಿತು.

"ನಮ್ಮ ಹಿಂದಿ ಮೇಷ್ಟ್ರಿಗೂ ವಾರಕ್ಕೊಂದ್ಸಲ ತಪ್ಪುತ್ತೆ," ಎಂದರು ನಂಜುಂಡಯ್ಯ ಬೇಸರದಿಂದ. "ಅರ್ಧ ದಿನ ರಜೆ ಬರ್ಕೋತೀನಿ. ಮಧ್ಯಾಹ್ನದ ಟ್ರಿಪ್ಪಿಗೆ ಬನ್ನಿ."

ದ್ರಾಕ್ಷಾಯಣಿ ಫೋನ್ ಇಟ್ಟು, ಬಸ್ಸಿಲ್ಲದ ಕಟ್ಟೆಯನ್ನು ನೋಡಿದಳು. ತನಗಾಗಿ ಕಾಯದೆ ಹೋದ ಬಸ್ಸು. ಹದಿಮೂರು ವರ್ಷದಲ್ಲಿ ಅವಳಿಗೆ ತಪ್ಪಿದ ಮೊದಲನೇ ಬಸ್ಸು ಅದು. ತಪ್ಪಬೇಕಾದರೆ ಮೊದಲು ತಾನಾಗಿ ಹತ್ತಲಾಗುವ ಬಸ್ಸಿರಬೇಕಲ್ಲ.

"ಟೀ ಕುಡೀತೀಯೇನವ್ವ?" ಎಂದು ಕೇಳಿದ ದ್ಯಾವಯ್ಯ.

"ತರಿಸು," ಎಂದಳು ಅವಳು ಬ್ರೇಕು ಹಾಕಿಕೊಳ್ಳುತ್ತ. "ಮಧ್ಯಾಹ್ನದವರೆಗೆ ಬೇಕಾದಷ್ಟು ಹೊತ್ತಿದೆ."